ಪಕ್ಕದವನ ಕತ್ತೆ ಸತ್ತದ್ದು ಹೇಗೆ?

ಅಕ್ಕಪಕ್ಕದ ಮನೆಯ ಇಬ್ಬರು. ಇಬ್ಬರ ಬಳಿಯೂ ಒಂದೊಂದು ಕತ್ತೆ. ಎರಡೂ ಮೇಯುವುದು ಒಂದೇ ಬಯಲಿನಲ್ಲಿ. ಒಂದು ದಿನ ಒಬ್ಬನಿಗೆ ತನ್ನ ಕತ್ತೆ ಬೇಡವೆನಿಸಿ, ಅದನ್ನು ಕೊಲ್ಲಲು ಹೊರಡುತ್ತಾನೆ. ಕೋವಿ ಎತ್ತಿ, ಗುರಿ ಹಿಡಿದು ಗುಂಡು ಹಾರಿಸುತ್ತಾನೆ. ಕತ್ತೆ ಉರುಳುತ್ತದೆ. ಹತ್ತಿರ ಹೋಗಿ ನೋಡಿದರೆ ಸತ್ತದ್ದು ಪಕ್ಕದವನ ಕತ್ತೆ. ಇದೇ ಕಥೆಯನ್ನು ಸ್ವಲ್ಪ ಬದಲಿಸೋಣ. ಅದೇ ಮನುಷ್ಯ, ಅದೇ ಕೋವಿ. ಈ ಸಲ ಗುರಿ ಹಿಡಿದದ್ದು ತನ್ನ ಕತ್ತೆಗೇ. ಆದರೆ ಗುಂಡು ಹಾರುವ ಗಳಿಗೆಗೆ ಸರಿಯಾಗಿ ಪ್ರಾಣಿಗಳು ಸರಿದಾಡಿ, ಪಕ್ಕದವನ ಕತ್ತೆ ಅಡ್ಡ ಬಂದು ಸಾಯುತ್ತದೆ. ಎರಡೂ ಸಲ ಅವನು ನೆರೆಯವನ ಬಾಗಿಲು ತಟ್ಟಿ ಕ್ಷಮೆ ಕೇಳಬೇಕು. ಏನೆಂದು ಕೇಳಬೇಕು? ಮಿಸ್ಟೇಕ್ ಆಯಿತು ಎಂದೋ, ಆ್ಯಕ್ಸಿಡೆಂಟ್ ಆಯಿತು ಎಂದೋ?

ಈ ಪ್ರಶ್ನೆ ಕೇಳಿದವರು ಆಕ್ಸ್‌ಫರ್ಡ್‌ನಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ. ಎಲ್. ಆಸ್ಟಿನ್. 1956ರಲ್ಲಿ ಅರಿಸ್ಟಾಟಲಿಯನ್ ಸೊಸೈಟಿಯ ಅಧ್ಯಕ್ಷರಾಗಿ ಅವರು ಮಾಡಿದ ಭಾಷಣದ ವಿಷಯ, ಜನ ಕೊಡುವ ನೆಪ–ಸಮಜಾಯಿಷಿಗಳು. ಕತ್ತೆಯ ಕಥೆ ಬರುವುದು ಅದರ ಒಂದು ಅಡಿಟಿಪ್ಪಣಿಯಲ್ಲಿ. ಮಿಸ್ಟೇಕ್, ಆ್ಯಕ್ಸಿಡೆಂಟ್ ಎರಡೂ ಒಂದೇ ಎಂಬಂತೆ ಇಂಗ್ಲಿಷ್ ಮಾತಾಡುವವರು ಬಳಸುವುದುಂಟು. ಆದರೆ ಎರಡು ಕಥೆಗಳನ್ನು ಒಟ್ಟಿಗಿಟ್ಟ ಕೂಡಲೇ ಆ ಭಾಷೆ ಬಲ್ಲ ಯಾರಿಗಾದರೂ ವ್ಯತ್ಯಾಸ ಹೊಳೆಯುತ್ತದೆ. ಮೊದಲನೆಯದರಲ್ಲಿ ಅವನು ಯಾವ ಕತ್ತೆಗೆ ಗುರಿ ಹಿಡಿದನೋ ಅದೇ ಸತ್ತಿತು. ಅದು ಯಾರದು ಎಂದು ತಿಳಿದದ್ದು ತಪ್ಪಾಗಿತ್ತು. ಅದು ಮಿಸ್ಟೇಕ್. ಎರಡನೆಯದರಲ್ಲಿ ತಿಳಿವಳಿಕೆ ಸರಿಯಾಗಿಯೇ ಇತ್ತು, ನಡುವೆ ಲೋಕ ಅಡ್ಡ ಬಂತು. ಅದು ಆ್ಯಕ್ಸಿಡೆಂಟ್. ಶಾಲೆಯ ಮಕ್ಕಳಿಗೂ ಗೊತ್ತಿರುವ ಎರಡು ಪದಗಳಲ್ಲಿ ಹೊಣೆಗಾರಿಕೆಯ ಇಷ್ಟು ಸೂಕ್ಷ್ಮವಾದ ವಿಚಾರ ಅಡಗಿ ಕೂತಿದೆ.

ಆಸ್ಟಿನ್ 1911ರಲ್ಲಿ ಲ್ಯಾಂಕಸ್ಟರ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಗುಪ್ತಚರ ವಿಭಾಗದಲ್ಲಿದ್ದು, 1944ರ ನಾರ್ಮಂಡಿ ದಾಳಿಗೆ ಬೇಕಾದ ಮಾಹಿತಿ ಕಲೆಹಾಕುವ ತಂಡವನ್ನು ನಡೆಸಿದರು. ಸಣ್ಣ ವಿವರ ಬಿಟ್ಟುಹೋದರೂ ಜೀವ ಹೋಗುವ ಆ ಕೆಲಸದ ಶಿಸ್ತನ್ನೇ ಯುದ್ಧದ ನಂತರ ತತ್ವಶಾಸ್ತ್ರಕ್ಕೂ ತಂದರು. ವಿಶ್ವವಿದ್ಯಾಲಯ ನಡೆಯುವ ತಿಂಗಳುಗಳಲ್ಲಿ ಶನಿವಾರ ಬೆಳಿಗ್ಗೆ ಕಿರಿಯ ಅಧ್ಯಾಪಕರನ್ನು ಸೇರಿಸಿಕೊಂಡು ಒಂದೊಂದೇ ಪದವನ್ನು ಚರ್ಚೆಗೆ ತೆಗೆದುಕೊಳ್ಳುತ್ತಿದ್ದರು. ಅವರ ವಿಧಾನ ಬಲು ಸರಳ. ಒಂದು ನಿಘಂಟು ತೆಗೆಯಿರಿ, ಚಿಕ್ಕದಾದರೂ ಸಾಕು. ವಿಷಯಕ್ಕೆ ಸಂಬಂಧಿಸಿದ ಪದಗಳನ್ನೆಲ್ಲ ಪಟ್ಟಿ ಮಾಡಿ. ಆಮೇಲೆ ಪ್ರತಿಯೊಂದಕ್ಕೂ ಅದೇ ಪದ ಒಪ್ಪುವ, ಅದರ ಜೊತೆಯ ಪದ ಒಪ್ಪದ ಒಂದು ಸನ್ನಿವೇಶ ಹುಡುಕಿ. ತಲೆತಲಾಂತರದಿಂದ ಜನ ಬದುಕಿನಲ್ಲಿ ಮಾಡಿಕೊಂಡು ಬಂದ ವ್ಯತ್ಯಾಸಗಳು ಮಾತಿನಲ್ಲಿ ಉಳಿದಿವೆ, ಒಬ್ಬ ತತ್ವಜ್ಞಾನಿ ಕುರ್ಚಿಯಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಹೊಸೆಯುವ ವ್ಯತ್ಯಾಸಗಳಿಗಿಂತ ಅವು ಗಟ್ಟಿ ಎಂಬುದು ಅವರ ನಂಬಿಕೆ.

ಇದು ಬರಿಯ ಭಾಷಾವಿಲಾಸ ಎನಿಸಬಹುದು. ಹಾಗಲ್ಲ ಎನ್ನುವುದಕ್ಕೆ ಕೊಡಲಿಯೊಂದರ ಪ್ರಸಂಗ ಸಾಕು. ಬೈಬಲಿನ ಧರ್ಮೋಪದೇಶಕಾಂಡದ 19ನೇ ಅಧ್ಯಾಯದಲ್ಲಿ ಇಬ್ಬರು ಮರ ಕಡಿಯಲು ಕಾಡಿಗೆ ಹೋಗುವ ಮಾತು ಬರುತ್ತದೆ. ಒಬ್ಬ ಕೊಡಲಿ ಬೀಸುವಾಗ ಅದರ ತಲೆ ಕಾವಿನಿಂದ ಕಳಚಿ ಹಾರಿ ಇನ್ನೊಬ್ಬನಿಗೆ ತಾಗಿ ಅವನು ಸಾಯುತ್ತಾನೆ. ಇಬ್ಬರ ನಡುವೆ ಮೊದಲಿನಿಂದ ದ್ವೇಷ ಇರಲಿಲ್ಲ. ಅಂಥವನನ್ನು ಕೊಲೆಗಾರ ಎಂದು ಕೊಲ್ಲಬಾರದು. ಅವನು ಓಡಿಹೋಗಿ ಜೀವ ಉಳಿಸಿಕೊಳ್ಳಲೆಂದು ಆಶ್ರಯದ ಊರುಗಳನ್ನೇ ಗೊತ್ತುಮಾಡಿಡಬೇಕು ಎಂಬುದು ಅಲ್ಲಿನ ವಿಧಿ. ಈಗ ಭಾರತದ ಕಾನೂನಿಗೆ ಬನ್ನಿ. 1860ರ ದಂಡ ಸಂಹಿತೆಯ 80ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಯೂ ಕೊಡಲಿಯದೇ: ಒಬ್ಬ ಕೊಡಲಿಯಿಂದ ಕೆಲಸ ಮಾಡುತ್ತಿದ್ದಾನೆ, ತಲೆ ಹಾರಿ ಪಕ್ಕದಲ್ಲಿ ನಿಂತವನು ಸಾಯುತ್ತಾನೆ, ಮಾಡುವವನ ಕಡೆಯಿಂದ ಎಚ್ಚರಿಕೆಯ ಕೊರತೆ ಇರದಿದ್ದರೆ ಅದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 18ನೇ ಕಲಮಾಗಿ ಮುಂದುವರಿದಿದೆ. ಆ್ಯಕ್ಸಿಡೆಂಟ್‌ಗೆ ಒಂದು ಕಲಂ ಇರುವಂತೆ ಮಿಸ್ಟೇಕ್‌ಗೂ ಬೇರೆಯೇ ಕಲಮುಗಳಿವೆ, ಹಳೆಯದರಲ್ಲಿ 76 ಮತ್ತು 79, ಹೊಸದರಲ್ಲಿ 14 ಮತ್ತು 17. ಒಬ್ಬನನ್ನು ಬಂಧಿಸಲು ಆದೇಶ ಪಡೆದ ಅಧಿಕಾರಿ, ಸರಿಯಾಗಿ ವಿಚಾರಿಸಿಯೂ ಇನ್ನೊಬ್ಬನನ್ನು ಅವನೇ ಎಂದು ನಂಬಿ ಬಂಧಿಸಿದರೆ ಅದು ಮಿಸ್ಟೇಕ್ ಜಾತಿಗೆ ಸೇರುತ್ತದೆ. ಕತ್ತೆಯ ಎರಡು ಸಾವುಗಳು ಎರಡು ಬೇರೆ ಕಲಮುಗಳಡಿ ವಿಚಾರಣೆಗೆ ಬರುತ್ತವೆ ಎಂದಾಯಿತು.

ಆಶ್ರಯದ ಊರಿನ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಓಡಿಬಂದವನು ಮಹಾಯಾಜಕ ಸಾಯುವವರೆಗೂ ಆ ಊರು ಬಿಟ್ಟು ಮನೆಗೆ ಮರಳುವಂತಿರಲಿಲ್ಲ. ಅವನು ಅಪರಾಧಿಯಲ್ಲ, ಆದರೆ ಏನೂ ಆಗಿಲ್ಲ ಎಂಬಂತೆ ಬದುಕಲೂ ಆಗದು. ಸಮಜಾಯಿಷಿ ಮನುಷ್ಯನನ್ನು ಪೂರ್ತಿಯಾಗಿ ಬಿಡಿಸುವುದು ಅಪರೂಪ, ಹೆಚ್ಚೆಂದರೆ ದೊಡ್ಡ ಸಂಕಟದಿಂದ ಸಣ್ಣ ಸಂಕಟಕ್ಕೆ ದಾಟಿಸುತ್ತದೆ ಎಂದು ಆಸ್ಟಿನ್ ಕೂಡ ಒಪ್ಪುತ್ತಾರೆ.

ಕನ್ನಡ ಓದುಗರಿಗೆ ಇಲ್ಲಿ ದಶರಥ ನೆನಪಾಗದೆ ಇರಲಾರ. ಸರಯೂ ನದಿಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು, ಕತ್ತಲಲ್ಲಿ ಶಬ್ದದ ಗುರಿಗೆ ಬಾಣ ಬಿಟ್ಟವನು ಅವನು. ಬಾಣ ಅವನು ಉದ್ದೇಶಿಸಿದ ಕಡೆಗೇ ಹೋಯಿತು. ಅಲ್ಲಿದ್ದದ್ದು ಆನೆಯಲ್ಲ, ಕುರುಡ ತಂದೆತಾಯಿಗೆ ನೀರು ಒಯ್ಯಲು ಬಂದ ಮಗ. ಆಸ್ಟಿನ್ನರ ಲೆಕ್ಕದಲ್ಲಿ ಇದು ಶುದ್ಧ ಮಿಸ್ಟೇಕ್. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಮಗನನ್ನು ಕಳೆದುಕೊಂಡ ಆ ಮುನಿ ಆಡುವ ಮಾತುಗಳನ್ನು ನಿಧಾನವಾಗಿ ಓದಿದರೆ, ಅಲ್ಲಿ ಹೊಣೆಗಾರಿಕೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ನೀನೇ ಬಂದು ಹೇಳದೆ ಹೋಗಿದ್ದರೆ ನಿನ್ನ ತಲೆ ನೂರು ಸಾವಿರ ಹೋಳಾಗುತ್ತಿತ್ತು ಎನ್ನುತ್ತಾನೆ. ಅರಿಯದೆ ಮಾಡಿದ್ದರಿಂದಲೇ ಇನ್ನೂ ಬದುಕಿದ್ದೀಯೆ ಎನ್ನುತ್ತಾನೆ. ಇಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೂ ಶಾಪ ತಪ್ಪುವುದಿಲ್ಲ: ನೀನೂ ಪುತ್ರಶೋಕದಿಂದಲೇ ಸಾಯುವೆ. ಅರಿವಿಲ್ಲದಿರುವುದು ಶಿಕ್ಷೆಯ ಭಾರ ಇಳಿಸಿತು, ತಾನಾಗಿ ಬಂದು ಒಪ್ಪಿಕೊಂಡದ್ದು ಇನ್ನಷ್ಟು ಇಳಿಸಿತು, ಉಳಿದದ್ದನ್ನು ಹೊರಲೇಬೇಕಾಯಿತು. ಕಾಣದ ಗುರಿಗೆ ಬಾಣ ಬಿಡಬಲ್ಲೆನೆಂಬ ಯುವರಾಜನ ಹೆಮ್ಮೆಗೆ ಆ ಉಳಿಕೆಯಲ್ಲಿ ಪಾಲಿದೆ ಎಂದು ಓದುವುದು ಅನ್ಯಾಯವಾಗದು. ಆಯ್ಕೆ ಮಾಡಿಕೊಂಡ ಕತ್ತಲಲ್ಲಿ ಆದ ತಪ್ಪಿಗೆ ಕತ್ತಲನ್ನೇ ಕಾರಣ ಕೊಡಲಾಗದು.

ಆಸ್ಟಿನ್ ಇದನ್ನೇ ಬೇರೆ ಉದಾಹರಣೆಯಿಂದ ಹೇಳುತ್ತಾರೆ. ನಡೆಯುವಾಗ ಒಂದು ಬಸವನಹುಳು ಕಾಲಿಗೆ ಸಿಕ್ಕರೆ 'ಗಮನಿಸಲಿಲ್ಲ' ಎನ್ನಬಹುದು. ಮಗುವನ್ನು ತುಳಿದವನು ಅದೇ ಮಾತು ಹೇಳಿದರೆ ಯಾರೂ ಒಪ್ಪುವುದಿಲ್ಲ, ನೋಡಿಕೊಂಡು ಕಾಲಿಡಬೇಕಿತ್ತು. ಗಮನಿಸಲಿಲ್ಲ ಎಂಬ ಕಾರಣ ಎರಡೂ ಕಡೆ ನಿಜವೇ ಇರಬಹುದು. ಆದರೆ ಯಾವುದರ ಮೇಲೆ ಎಷ್ಟು ಗಮನ ಇರಬೇಕು ಎಂಬ ಅಳತೆ ಆ ಪದದೊಳಗೇ ಸೇರಿಕೊಂಡಿದೆ.

ಆ ಅಳತೆಯನ್ನು ಯಾರು ನಿರ್ಧರಿಸಬೇಕು? ಭಾರತದ ಎರಡು ದೊಡ್ಡ ಧರ್ಮಗಳು ಈ ಹುಳುವಿನ ವಿಷಯದಲ್ಲೇ ಬೇರೆ ಬೇರೆ ದಾರಿ ಹಿಡಿದವು. ಜೈನರಿಗೆ ಬಸವನಹುಳುವಿನ ರಿಯಾಯಿತಿಯೂ ಇಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ, ಅಂದರೆ ಎಚ್ಚರಗೇಡಿತನವನ್ನೇ, ನಡುವಿಗೆ ತರುತ್ತದೆ: ಎಚ್ಚರ ತಪ್ಪಿದ ನಡತೆಯಿಂದ ಪ್ರಾಣ ಹೋಗುವುದು ಹಿಂಸೆ. ಅದಕ್ಕಾಗಿಯೇ ಈರ್ಯಾ ಸಮಿತಿ ಎಂಬ ನಿಯಮ. ಶ್ರವಣಬೆಳಗೊಳದಂಥ ಕ್ಷೇತ್ರಗಳಿಗೆ ಬರಿಗಾಲಲ್ಲಿ ವಿಹಾರ ಬರುವ ದಿಗಂಬರ ಮುನಿಗಳು ಮುಂದಿನ ನೆಲ ನೋಡಿಕೊಂಡೇ ಹೆಜ್ಜೆಯಿಡುತ್ತಾರೆ, ಕೂರುವ ಜಾಗವನ್ನು ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಸವರುತ್ತಾರೆ. 'ನೋಡಲಿಲ್ಲ' ಎಂಬ ಮಾತು ಅಲ್ಲಿ ಸಮಜಾಯಿಷಿಯೇ ಅಲ್ಲ, ಆರೋಪ.

ಬೌದ್ಧರು ಒತ್ತು ಕೊಟ್ಟದ್ದು ಚೇತನೆಗೆ, ಅಂದರೆ ಉದ್ದೇಶಕ್ಕೆ. ಧಮ್ಮಪದದ ಅಟ್ಠಕಥೆಯ ಮೊಟ್ಟಮೊದಲ ಕಥೆ ಕಣ್ಣು ಕಳೆದುಕೊಂಡ ಚಕ್ಖುಪಾಲ ಥೇರನದು. ಮಳೆ ಬಂದ ರಾತ್ರಿ ಅವನು ಅಡ್ಡಾಡಿದ ಜಾಗದಲ್ಲಿ ಹುಳುಗಳು ಸತ್ತು ಬಿದ್ದಿರುತ್ತವೆ. ಬೆಳಿಗ್ಗೆ ಬಂದ ಭಿಕ್ಷುಗಳು ದೂರು ಹೇಳಿದಾಗ ಬುದ್ಧ ಕೇಳುವುದು, ಅವನು ಕೊಲ್ಲುವುದನ್ನು ನೀವು ನೋಡಿದಿರಾ ಎಂದು. ನೀವು ಅವನನ್ನು ನೋಡದಂತೆ ಅವನೂ ಹುಳುಗಳನ್ನು ನೋಡಲಿಲ್ಲ, ಕೊಲ್ಲುವ ಉದ್ದೇಶ ಅವನಲ್ಲಿ ಇರಲಿಲ್ಲ. ಮನುಸ್ಮೃತಿಯ ಪ್ರಾಯಶ್ಚಿತ್ತದ ಅಧ್ಯಾಯವೂ ಬಯಸಿ ಮಾಡಿದ ಪಾಪ, ಬಯಸದೆ ಆದ ಪಾಪ ಎಂದು ಎರಡು ಮಾಡಿ ಪ್ರಾಯಶ್ಚಿತ್ತವನ್ನೂ ಬೇರೆಬೇರೆ ಇಡುತ್ತದೆ. ದೋಷ ಇರುವುದು ಮನಸ್ಸಿನಲ್ಲೋ, ಎಚ್ಚರದಲ್ಲೋ, ಆದ ನಷ್ಟದಲ್ಲೋ ಎಂಬ ಈ ವಾದ ಮುಗಿದಿಲ್ಲ. ಮನೆಯಲ್ಲಿ ಲೋಟ ಒಡೆದ ದಿನವೂ ಅದೇ ವಾದ ನಡೆಯುತ್ತದೆ.

ಆ ಲೋಟದ ವಿಷಯದಲ್ಲಿ ಕನ್ನಡ ಬಹಳ ಶ್ರೀಮಂತ. ಲೋಟ 'ಕೈತಪ್ಪಿ' ಬೀಳುತ್ತದೆ, ಆಡಬಾರದ್ದು 'ಬಾಯ್ತಪ್ಪಿ' ಬರುತ್ತದೆ, ಲೆಕ್ಕದ ಒಂದು ಸಾಲು 'ಕಣ್ತಪ್ಪಿನಿಂದ' ಉಳಿದುಹೋಗುತ್ತದೆ. ಯಾವ ಅಂಗ ತಪ್ಪಿತೋ ಅದರ ಹೆಸರಲ್ಲೇ ಸಮಜಾಯಿಷಿ. ಮನಸ್ಸು ತಪ್ಪಿರಲಿಲ್ಲ ಎಂಬ ಮಾತು ಹೇಳದೆಯೇ ತಲುಪುತ್ತದೆ. 'ಒಡೆದುಹೋಯ್ತು' ಎಂದರೆ ಒಂದು, 'ಒಡೆದುಬಿಟ್ಟೆ' ಎಂದರೆ ಒಂದು, 'ಒಡೆದುಹಾಕಿದೆ' ಎಂದರೆ ಬೇರೆಯೇ. ಅಮ್ಮಂದಿರು 'ಬೇಕಂತಲೇ ಮಾಡಿದೆಯಾ?' ಎಂದು ಕೇಳುವಾಗ ಅವರು ನಡೆಸುತ್ತಿರುವುದು ಪೂರ್ಣ ಪ್ರಮಾಣದ ವಿಚಾರಣೆ. ಪತ್ರಿಕೆಗಳು ತಿದ್ದುಪಡಿ ಹಾಕುವಾಗ 'ಕಣ್ತಪ್ಪಿನಿಂದ' ಎನ್ನುವುದಕ್ಕೂ 'ಪ್ರಮಾದವಶಾತ್' ಎನ್ನುವುದಕ್ಕೂ ತೂಕ ಬೇರೆ, ಜೈನ ಸೂತ್ರದ ಆ ಪ್ರಮಾದ ಇನ್ನೂ ನಮ್ಮ ನಡುವೆ ಕೆಲಸ ಮಾಡುತ್ತಿದೆ.

ಇಷ್ಟಿದ್ದೂ ಇಂದು ನಗರದ ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಮಾತು: ಬೈ ಮಿಸ್ಟೇಕ್. ಜೇಬಿನಲ್ಲಿದ್ದ ಫೋನ್ ತಾನಾಗಿ ಯಾರಿಗೋ ಕರೆ ಮಾಡಿದರೆ ಬೈ ಮಿಸ್ಟೇಕ್. ಬೇರೆಯವರ ಚಪ್ಪಲಿ ಹಾಕಿಕೊಂಡು ಹೋದರೆ ಬೈ ಮಿಸ್ಟೇಕ್. ಕೊಡಬೇಕಾದ ಹಣ ಮರೆತರೆ ಬೈ ಮಿಸ್ಟೇಕ್. ಮೊದಲನೆಯದು ಆಸ್ಟಿನ್ನರ ಪ್ರಕಾರ ಆ್ಯಕ್ಸಿಡೆಂಟ್, ಎರಡನೆಯದು ಮಿಸ್ಟೇಕ್, ಮೂರನೆಯದು ಎರಡೂ ಅಲ್ಲ, ಅಲಕ್ಷ್ಯ. ಆ್ಯಕ್ಸಿಡೆಂಟ್ ಪದ ಕನ್ನಡಕ್ಕೆ ಬಂದು ರಸ್ತೆಗಷ್ಟೇ ಸೀಮಿತವಾದದ್ದು ಇದಕ್ಕೆ ಒಂದು ಕಾರಣವಿರಬೇಕು. ಭಾಷೆಗಳು ಪದಗಳನ್ನು ಎರವಲು ತರುವುದು, ತಂದ ಮೇಲೆ ಅವುಗಳ ಅಂಚು ಕತ್ತರಿಸುವುದು ಸಹಜ. ಆದರೆ ಮೂರು ಬಗೆಯ ತಪ್ಪುಗಳಿಗೆ ಒಂದೇ ಹೆಸರಾದಾಗ, ಮೂರನೆಯದು ಮೊದಲನೆಯದರ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಇದು ಕಳವಳಪಡಬೇಕಾದ ವಿಷಯ.

ರಸ್ತೆಯ ಆ್ಯಕ್ಸಿಡೆಂಟ್ ಕುರಿತೂ ಇದೇ ಕಳವಳ ಇಂಗ್ಲಿಷ್ ನಾಡುಗಳಲ್ಲಿ ಎದ್ದಿದೆ. ಆ ಪದ ಕೇಳಿದ ಕೂಡಲೇ ತಡೆಯಲಾಗದ್ದು, ವಿಧಿ ತಂದದ್ದು ಎಂಬ ಭಾವ ಬರುತ್ತದೆ. ಆದರೆ ರಸ್ತೆಯ ಹೆಚ್ಚಿನ ಸಾವುನೋವುಗಳಿಗೆ ಕಾರಣಗಳಿವೆ, ಅವನ್ನು ತಡೆಯಬಹುದು. ಹೀಗೆ ವಾದಿಸಿ 2001ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ತನ್ನ ಪುಟಗಳಲ್ಲಿ ಆ್ಯಕ್ಸಿಡೆಂಟ್ ಪದವನ್ನು ನಿಷೇಧಿಸಿತು. 2016ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್, ಯಾರದಾದರೂ ಅಲಕ್ಷ್ಯ ಸಾಬೀತಾದಾಗ ಅಥವಾ ಆ ಆರೋಪ ಇದ್ದಾಗ ಆ ಪದ ಬಳಸಬೇಡಿ ಎಂದು ತನ್ನ ವರದಿಗಾರರಿಗೆ ಸೂಚಿಸಿತು. ಕನ್ನಡ ಪತ್ರಿಕೆಗಳಲ್ಲಿ ದಿನವೂ ಬರುವ 'ಚಾಲಕನ ನಿಯಂತ್ರಣ ತಪ್ಪಿದ ಕಾರು' ಎಂಬ ಒಕ್ಕಣೆಯನ್ನೂ ಹೀಗೆ ನಿಲ್ಲಿಸಿ ನೋಡಬೇಕು. ಅಲ್ಲಿ ಏನಾದರೂ ಮಾಡುವುದು ಕಾರು ಮಾತ್ರ. ಅದೇ ಘಟನೆಯ ಪೊಲೀಸ್ ದೂರಿನಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ' ಎಂದಿರುತ್ತದೆ. ಆ ವಾಕ್ಯದಲ್ಲಿ ಮನುಷ್ಯನೊಬ್ಬ ಇದ್ದಾನೆ.

ಸಾರಿ ಎಂಬ ಪುಟ್ಟ ಪದದ ಪಾಡೂ ಸುಲಭದ್ದಲ್ಲ. ಸಾವಿನ ಮನೆಯಲ್ಲಿ ಇಂಗ್ಲಿಷಿನವರು ಸಾರಿ ಎಂದರೆ ಅದು ಮರುಕ. ಕಾಲು ತುಳಿದು ಸಾರಿ ಎಂದರೆ ತಪ್ಪೊಪ್ಪಿಗೆ. ಎರಡರ ನಡುವಿನ ಗಡಿ ಮಸುಕಾದ್ದರಿಂದ, ಎಲ್ಲಿ ತಪ್ಪೊಪ್ಪಿಗೆಯಾಗಿ ಕೋರ್ಟಿನಲ್ಲಿ ತಿರುಗಿಬೀಳುತ್ತದೋ ಎಂಬ ಭಯಕ್ಕೆ ವೈದ್ಯರೂ ವಾಹನ ಚಾಲಕರೂ ಆ ಪದವನ್ನೇ ನುಂಗಿಕೊಳ್ಳುವಂತಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2006ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿ, ಕ್ಷಮೆ ಕೇಳಿದ್ದನ್ನು ಹೊಣೆ ಒಪ್ಪಿಕೊಂಡಂತೆ ಪರಿಗಣಿಸಬಾರದು ಎಂದಿತು. ನೊಂದವರ ಎದುರು ನಿಂತು ಒಂದು ಮಾತು ಆಡಲು ಮನುಷ್ಯರಿಗೆ ಅವಕಾಶ ಸಿಕ್ಕಿತು, ಅದು ದೊಡ್ಡ ಲಾಭ. ಆದರೆ ಹೊಣೆಯಿಲ್ಲದ ಕ್ಷಮೆ ಕ್ಷಮೆಯೇ ಎಂಬ ಪ್ರಶ್ನೆಯನ್ನು ಯಾವ ಕಾಯಿದೆಯೂ ತೀರಿಸಲಾರದು. ದಶರಥನ ಎದುರಿದ್ದ ಮುನಿಗೆ ಬೇಕಾಗಿದ್ದುದು ಮರುಕವಲ್ಲ, 'ನಾನು ಮಾಡಿದೆ' ಎಂಬ ಮಾತು.

ದಿನಬಳಕೆಯ ಪದಗಳಿಗೆ ಇಷ್ಟು ಮರ್ಯಾದೆ ಕೊಡುವುದನ್ನು ಎಲ್ಲರೂ ಒಪ್ಪಲಿಲ್ಲ. 1959ರಲ್ಲಿ ಅರ್ನೆಸ್ಟ್ ಗೆಲ್ನರ್ 'ವರ್ಡ್ಸ್ ಆ್ಯಂಡ್ ಥಿಂಗ್ಸ್' ಎಂಬ ಪುಸ್ತಕದಲ್ಲಿ ಆಕ್ಸ್‌ಫರ್ಡಿನ ಈ ಪಂಥದ ಮೇಲೆ ಎರಗಿದರು. ಮುನ್ನುಡಿ ಬರ್ಟ್ರಂಡ್ ರಸೆಲ್ ಅವರದು. 'ಮೈಂಡ್' ಪತ್ರಿಕೆಯ ಸಂಪಾದಕ ಗಿಲ್ಬರ್ಟ್ ರೈಲ್ ಅದನ್ನು ವಿಮರ್ಶೆಗೆ ತೆಗೆದುಕೊಳ್ಳಲು ನಿರಾಕರಿಸಿದಾಗ, 'ದಿ ಟೈಮ್ಸ್' ಪತ್ರಿಕೆಯ ವಾಚಕರ ವಾಣಿಯಲ್ಲಿ ದೊಡ್ಡ ಜಗಳವೇ ನಡೆಯಿತು. ಗೆಲ್ನರ್ ಅವರ ಆಕ್ಷೇಪದಲ್ಲಿ ಹುರುಳಿದೆ. ಸಾಮಾನ್ಯರ ಮಾತು ಎಂದರೆ ಯಾವ ಸಾಮಾನ್ಯರದು? ಇದ್ದ ಮಾತನ್ನೇ ಪ್ರಮಾಣ ಎಂದರೆ ಇದ್ದ ಲೋಕವನ್ನೇ ಒಪ್ಪಿದಂತಾಗುವುದಿಲ್ಲವೇ? ಕನ್ನಡದಲ್ಲೇ ಜಾತಿಯ ಹೆಸರು ಹಿಡಿದು ಹೀಯಾಳಿಸುವ, ಹೆಣ್ಣನ್ನು ಹಳಿಯುವ ಎಷ್ಟು ಗಾದೆಗಳಿಲ್ಲ? ಅವೂ ತಲೆತಲಾಂತರದ ಮಾತುಗಳೇ. ಆಸ್ಟಿನ್ ಈ ಅಪಾಯವನ್ನು ಕಾಣದವರಲ್ಲ. ಬಳಕೆಯ ಮಾತು ಕೊನೆಯ ತೀರ್ಪಲ್ಲ, ವಿಚಾರ ಶುರುವಾಗಬೇಕಾದ ಜಾಗ ಮಾತ್ರ ಎಂದು ಅದೇ ಭಾಷಣದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಯಾರ ಬಳಕೆ ಎಂಬ ಪ್ರಶ್ನೆಗೆ ಬಹು ಹಿಂದೆಯೇ ಒಂದು ಉದಾರ ಉತ್ತರ ಬಂದದ್ದು ವೇದದ ಅರ್ಥ ವಿಚಾರಿಸುವ ಮೀಮಾಂಸಕರಿಂದ. ವೇದದಲ್ಲಿ ಬರುವ ಪಿಕ, ನೇಮ, ತಾಮರಸ ಮುಂತಾದ ಕೆಲವು ಪದಗಳು ಆರ್ಯರ ಬಳಕೆಯಲ್ಲಿ ಇರಲಿಲ್ಲ, ಮ್ಲೇಚ್ಛರೆಂದು ಕರೆಯಲಾಗುತ್ತಿದ್ದವರ ಬಳಕೆಯಲ್ಲಿದ್ದವು. ಅವಕ್ಕೆ ವ್ಯಾಕರಣದಿಂದ ಅರ್ಥ ಹೊಸೆಯಬೇಕೋ, ಆ ಜನರನ್ನು ಕೇಳಬೇಕೋ? ಕೋಗಿಲೆ, ಅರ್ಧ, ತಾವರೆ ಎಂದು ಆ ಜನ ಹೇಳುವ ಅರ್ಥವನ್ನೇ ತೆಗೆದುಕೊಳ್ಳಬೇಕು ಎಂದು ಅವರ ಗ್ರಂಥವಾದ ಶಬರಭಾಷ್ಯ ತೀರ್ಮಾನಿಸಿತು. ಮಕ್ಕಳು ಮಾತು ಕಲಿಯುವುದೂ ಹಾಗೆಯೇ ಎಂದು ಅವರಲ್ಲೇ ಒಂದು ಪಂಥದವರಾದ ಪ್ರಾಭಾಕರರು ವಾದಿಸಿದರು: ಹಿರಿಯನೊಬ್ಬ ಹಸುವನ್ನು ತಾ ಎನ್ನುತ್ತಾನೆ, ಇನ್ನೊಬ್ಬ ತರುತ್ತಾನೆ, ನೋಡುತ್ತಿದ್ದ ಮಗು ಆ ಕೆಲಸದೊಳಗಿಂದಲೇ ಪದವನ್ನು ಬಿಡಿಸಿಕೊಳ್ಳುತ್ತದೆ. ಮಿಸ್ಟೇಕ್, ಆ್ಯಕ್ಸಿಡೆಂಟ್, ಬೇಕಂತಲೇ, ಕೈತಪ್ಪಿ, ಇವೂ ಮಗುವಿಗೆ ಸಿಗುವುದು ಬೈಸಿಕೊಂಡ, ಕ್ಷಮಿಸಲ್ಪಟ್ಟ ಸಂದರ್ಭಗಳ ಒಳಗಿಂದಲೇ.

ಆಸ್ಟಿನ್ 1960ರ ಫೆಬ್ರುವರಿಯಲ್ಲಿ, 48ನೆಯ ವಯಸ್ಸಿಗೆ ತೀರಿಕೊಂಡರು. ಅವರು ನೋಡದ ಒಂದು ಪ್ರಕರಣ ಈಗ ಮಿಸ್ಟೇಕ್, ಆ್ಯಕ್ಸಿಡೆಂಟ್ ಎಂಬ ಆ ಎರಡು ಪದಗಳನ್ನು ಪರೀಕ್ಷೆಗೆ ಒಡ್ಡಿದೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ನಗರದಲ್ಲಿ, ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರೊಂದು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿ, ಅವರು ಸತ್ತರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಂತೆ, ಕಾರಿನ ವ್ಯವಸ್ಥೆಗೆ ಅವರು ಕಂಡದ್ದು ಡಿಕ್ಕಿಗೆ 5.6 ಸೆಕೆಂಡು ಮೊದಲೇ. ಆದರೆ ಅದು ಅವರನ್ನು ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ವಸ್ತು ಎಂದಿತು, ಒಮ್ಮೆ ಸೈಕಲ್ ಎಂದಿತು. ಜನ ಗೆರೆಯಿಲ್ಲದ ಕಡೆಯೂ ರಸ್ತೆ ದಾಟುತ್ತಾರೆ ಎಂಬುದನ್ನು ಅದರ ವಿನ್ಯಾಸ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊಡಲಿಯ ತಲೆ ಹಾರಿದಂತಲ್ಲ ಇದು, ಯಾವುದೂ ಕಳಚಿರಲಿಲ್ಲ. ಒಂದನ್ನು ಇನ್ನೊಂದಾಗಿ ತಿಳಿದದ್ದು ದಶರಥನ ಬಗೆಯ ತಪ್ಪು. ಆದರೆ ತಿಳಿಯುವ ಮನಸ್ಸೊಂದು ಅಲ್ಲಿ ಇತ್ತೇ? ಕಾರನ್ನು ಪರೀಕ್ಷೆಗೆ ಬಿಟ್ಟಿದ್ದ ಸಂಸ್ಥೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದು 2019ರಲ್ಲಿ ಸರ್ಕಾರಿ ವಕೀಲರು ತಿಳಿಸಿದರು. ಕಾರಿನೊಳಗೆ ಮೇಲ್ವಿಚಾರಣೆಗೆ ಕೂತಿದ್ದವರು 2023ರಲ್ಲಿ, ಇನ್ನೊಬ್ಬರ ಜೀವಕ್ಕೆ ಅಪಾಯ ತಂದ ತಪ್ಪನ್ನು ಒಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಪಡೆದರು. ತನಿಖಾ ಮಂಡಳಿ ಅವರ ಗಮನ ತಪ್ಪಿದ್ದನ್ನು ಮೊದಲ ಕಾರಣವಾಗಿ ಹೆಸರಿಸಿದ ಮೇಲೆ, ಸಂಸ್ಥೆಯೊಳಗಿನ ಸುರಕ್ಷತೆಯ ಸಂಸ್ಕೃತಿ ಸಾಲದಾಗಿತ್ತು ಎಂದೂ ಬರೆಯಿತು. ನೂರಾರು ಮೇಜುಗಳ ಮೇಲೆ ಹಂಚಿಹೋದ ಆ ಪ್ರಮಾದವನ್ನು ಅಮ್ಮನೊಬ್ಬಳು ಮಗುವನ್ನು ಕೇಳುವಂತೆ ನೇರವಾಗಿ ಕೇಳಲು ಬೇಕಾದ ಮಾತು ಇಂಗ್ಲಿಷಿನಲ್ಲೂ ಇನ್ನೂ ಬಳಕೆಗೆ ಬಂದಿಲ್ಲ, ಕನ್ನಡದಲ್ಲೂ ಬಂದಿಲ್ಲ.